ಬುಧನ ಪಕ್ಕ ಹಾದುಹೋದ ನೌಕೆಯ ರೋಹಿತ: ನೆಲದ ಬೆಳಕು ಯಾವುದು, ವಾತಾವರಣದ ಬೆಳಕು ಯಾವುದು?

ಕಕ್ಷೆಯಲ್ಲಿ ಸುತ್ತುತ್ತಿರುವ ನೌಕೆ ಇವತ್ತು ಬಿಟ್ಟ ಜಾಗವನ್ನು ನಾಳೆ ನೋಡಿಕೊಳ್ಳಬಹುದು. ಪಕ್ಕದಲ್ಲಿ ಹಾದುಹೋಗುವ ನೌಕೆಗೆ, ಅಂದರೆ ಫ್ಲೈಬೈಗೆ, ಆ ಅನುಕೂಲವಿಲ್ಲ. ನಾಸಾದ ಮೆಸೆಂಜರ್ ನೌಕೆ ಬುಧನ ಪಕ್ಕ ಮೂರು ಸಲ ಹಾದುಹೋಯಿತು: 2008ರ ಜನವರಿ 14, 2008ರ ಅಕ್ಟೋಬರ್ 6 ಮತ್ತು 2009ರ ಸೆಪ್ಟೆಂಬರ್ 29. ಮೊದಲೆರಡು ಸಲ ಸುಮಾರು 200 ಕಿ.ಮೀ. ಎತ್ತರ, ಮೂರನೆಯ ಸಲ 228 ಕಿ.ಮೀ. ಅತಿ ಹತ್ತಿರ ಬಂದಾಗಿನ ವೇಗ ಮೊದಲ ಸಲ ಸೆಕೆಂಡಿಗೆ ಏಳು ಕಿ.ಮೀ. ಆಸುಪಾಸು. ನೋಡುವುದನ್ನೆಲ್ಲ ಆ ಅಲ್ಪ ಹೊತ್ತಿನಲ್ಲೇ ನೋಡಿಬಿಡಬೇಕು.

ಆ ಮೂರೂ ಸಲದ ದತ್ತಾಂಶ ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಮ್ (ಪಿಡಿಎಸ್) ಎಂಬ ಸಂಗ್ರಹದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಒಂದು ಲ್ಯಾಪ್‌ಟಾಪ್, ಸ್ವಲ್ಪ ಪೈಥಾನ್, ಬಿಎಸ್‌ಸಿ ಮಟ್ಟದ ಭೌತವಿಜ್ಞಾನ ಇದ್ದವರು ಅದನ್ನಿಳಿಸಿಕೊಂಡು ಬುಧನ ನೆಲವನ್ನೂ ಅದರ ಅತಿ ತೆಳುವಾದ ವಾತಾವರಣವನ್ನೂ ಓದಬಹುದು. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಬೇಕು. ಹೊಸಬರು ಕಡತ ತೆರೆದ ಕೂಡಲೇ ರೋಹಿತದ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಎಂಬುದರ, ಗ್ರಾಫ್ ಹಾಕಿ ಶಿಖರ ಹುಡುಕಲು ಕೂರುತ್ತಾರೆ. ಆ ಕ್ಷಣದಲ್ಲಿ ಉಪಕರಣ ಎತ್ತ ನೋಡುತ್ತಿತ್ತು, ಸೂರ್ಯ ಎಲ್ಲಿದ್ದ, ಗ್ರಹದ ನೆರಳು ಎಲ್ಲಿ ಬಿದ್ದಿತ್ತು ಎಂಬುದು ಗೊತ್ತಿಲ್ಲದಿದ್ದರೆ ಆ ಶಿಖರಕ್ಕೆ ಅರ್ಥವೇ ಇಲ್ಲ. ಕೆಲಸದ ಮುಕ್ಕಾಲು ಪಾಲು ಜ್ಯಾಮಿತಿಯೇ.

ಮೊದಲು ಉಪಕರಣದ ಸ್ವಭಾವ ತಿಳಿಯಿರಿ

ಮೆಸೆಂಜರ್‌ನ ಮ್ಯಾಸ್ಕ್ಸ್ ಉಪಕರಣದ ತೂಕ ಮೂರು ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೇ. ಕಟ್ಟಿದ್ದು ಕೊಲರಾಡೊ ವಿಶ್ವವಿದ್ಯಾಲಯದ ಲ್ಯಾಸ್ಪ್ ಪ್ರಯೋಗಾಲಯ. ಒಂದೇ ಪುಟ್ಟ ದೂರದರ್ಶಕ, ಅದರ ಹಿಂದೆ ಎರಡು ಸ್ಪೆಕ್ಟ್ರೋಮೀಟರ್.

ಯುವಿವಿಎಸ್ ಎಂಬ ಮೊದಲನೆಯದು ವಾತಾವರಣಕ್ಕೆ. 115ರಿಂದ 600 ನ್ಯಾನೋಮೀಟರ್‌ವರೆಗೆ ನೋಡುತ್ತದೆ. ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಅದರ ಗೀರುಫಲಕ, ಅಂದರೆ ಗ್ರೇಟಿಂಗ್, ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋಗುತ್ತದೆ. ಪ್ರತಿ ತಿರುವಿಗೆ ಒಂದು ತರಂಗಾಂತರದ ಫೋಟಾನುಗಳನ್ನು ಫೋಟೋಮಲ್ಟಿಪ್ಲೈಯರ್ ಎಣಿಸುತ್ತದೆ. ವಿರ್ಸ್ ಎಂಬ ಎರಡನೆಯದು ನೆಲಕ್ಕೆ. 300ರಿಂದ 1450 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಎರಡು ಡಿಟೆಕ್ಟರ್ ಸಾಲುಗಳ ಮೇಲೆ ಒಂದೇ ಏಟಿಗೆ ಹರಡಿ ಹಿಡಿಯುತ್ತದೆ.

ಫ್ಲೈಬೈಯಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು. ಯುವಿವಿಎಸ್‌ನ ಒಂದು ಸ್ಕ್ಯಾನ್‌ನಲ್ಲಿ ಎಡತುದಿಯ ಬಿಂದುವನ್ನು ಅಳೆದಾಗ ನೌಕೆ ಒಂದು ಕಡೆ ಇತ್ತು, ಬಲತುದಿಯದನ್ನು ಅಳೆಯುವ ಹೊತ್ತಿಗೆ ಎಷ್ಟೋ ಕಿಲೋಮೀಟರ್ ಮುಂದೆ ಸರಿದಿತ್ತು. ನೋಡಲು ಒಂದೇ ರೋಹಿತ, ಆದರೆ ಅದು ಒಂದೇ ಜಾಗದ್ದಲ್ಲ. ಹೀಗಾಗಿ ಸ್ಕ್ಯಾನ್‌ಗೆ ಒಂದು ಸಮಯ ಬರೆದುಕೊಂಡರೆ ಸಾಲದು, ಪ್ರತಿ ಗ್ರೇಟಿಂಗ್ ಹೆಜ್ಜೆಗೂ ಅದರದೇ ಸಮಯ ಲೆಕ್ಕಹಾಕಿಕೊಳ್ಳಬೇಕು.

ಇನ್ನೊಂದು ಕಟ್ಟುಪಾಡು ನೌಕೆಯದೇ. ಮ್ಯಾಸ್ಕ್ಸ್ ನೌಕೆಯ ಮೈಗೆ ಬಿಗಿದು ಕೂರಿಸಿದ ಉಪಕರಣ, ತಾನಾಗಿ ತಿರುಗುವುದಿಲ್ಲ. ನೋಟ ತಿರುಗಬೇಕೆಂದರೆ ಇಡೀ ನೌಕೆಯೇ ತಿರುಗಬೇಕು. ನೌಕೆಯೋ, ತನ್ನ ಬಿಸಿಲುಪರದೆಯನ್ನು ಸದಾ ಸೂರ್ಯನ ಕಡೆಗೇ ಹಿಡಿದಿರಬೇಕು. ಹತ್ತು-ಹನ್ನೆರಡು ಡಿಗ್ರಿಗಿಂತ ಹೆಚ್ಚು ವಾಲುವಂತಿಲ್ಲ. ಬೇಕಾದ ದಿಕ್ಕಿನ ನೋಟ ದತ್ತಾಂಶದಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಇದೇ.

ಕಡತ ಇಳಿಸಿ ತೆರೆಯುವುದು

ಮೂರು ಬಗೆಯ ಕಡತ ಸಿಗುತ್ತವೆ. ಇಡಿಆರ್ ಎಂದರೆ ಕಚ್ಚಾ ಎಣಿಕೆ, ಸಿಡಿಆರ್ ಎಂದರೆ ಕ್ಯಾಲಿಬ್ರೇಟ್ ಆದದ್ದು (ಎಣಿಕೆಯನ್ನು ಬೆಳಕಿನ ನಿಜ ಅಳತೆಗೆ ತಂದದ್ದು), ಡಿಡಿಆರ್ ಎಂದರೆ ಅದರಿಂದ ಲೆಕ್ಕಹಾಕಿ ತೆಗೆದದ್ದು. ಸಿಡಿಆರ್‌ನಿಂದ ಆರಂಭಿಸಿ. ಡಿಡಿಆರ್ ಸಿದ್ಧ ಅಡುಗೆ. ನಿಮ್ಮ ಫಲಿತಾಂಶ ತಾಳೆ ನೋಡಲು ಅದನ್ನು ಕೊನೆಗೆ ತೆರೆಯಿರಿ. ಒಂದೆರಡು ಇಡಿಆರ್ ಕಡತಗಳನ್ನೂ ಜೊತೆಗಿಟ್ಟುಕೊಳ್ಳಿ. ಕ್ಯಾಲಿಬ್ರೇಟ್ ಆದ ಮೌಲ್ಯ ವಿಚಿತ್ರವಾಗಿ ಕಂಡಾಗ ಡಿಟೆಕ್ಟರ್ ತುಂಬಿ ತುಳುಕಿತ್ತೋ ಇಲ್ಲವೋ ಎಂಬುದು ಕಚ್ಚಾ ಎಣಿಕೆಯಲ್ಲೇ ಗೊತ್ತಾಗುವುದು.

ಪ್ರತಿ ದತ್ತಾಂಶ ಕಡತಕ್ಕೂ ಒಂದು ಲೇಬಲ್ ಕಡತ ಇರುತ್ತದೆ, ಯಾವ ಕಾಲಂ ಎಷ್ಟು ಬೈಟ್ ಎಂಬ ವಿವರಕ್ಕೆ ಬೇರೊಂದು. ಮೂರನ್ನೂ ಒಟ್ಟಿಗೆ ಇಳಿಸಿ. ಮೊದಲ ದಿನವೇ ಎದುರಾಗುವ ತೊಂದರೆ ಬೈಟ್‌ಗಳ ಕ್ರಮದ್ದು. ಲೇಬಲ್‌ನಲ್ಲಿ 'ಐಇಇಇ ರಿಯಲ್' ಎಂದಿದ್ದರೆ ಹೆಚ್ಚು ಸ್ಥಾನಬೆಲೆಯ ಬೈಟ್ ಮೊದಲು, 'ಪಿಸಿ ರಿಯಲ್' ಎಂದಿದ್ದರೆ ಕಡಿಮೆ ಸ್ಥಾನಬೆಲೆಯದು ಮೊದಲು. ನಮ್ಮ ನಿಮ್ಮ ಕಂಪ್ಯೂಟರುಗಳು ಹೇಳದೆಯೇ ಎರಡನೆಯದನ್ನು ಹಿಡಿಯುತ್ತವೆ. ಉಲ್ಟಾ ಓದಿದರೆ ದೋಷದ ಸಂದೇಶವೇನೂ ಬರುವುದಿಲ್ಲ, ಅರ್ಥವಿಲ್ಲದ ದೈತ್ಯ ಸಂಖ್ಯೆಗಳೋ ಸೊನ್ನೆಗೆ ಅಂಟಿದ ಸಂಖ್ಯೆಗಳೋ ಬರುತ್ತವೆ. ವಿರ್ಸ್ ಕಡತದ ತರಂಗಾಂತರದ ಕಾಲಂ ನೋಡಿ: ಅಲ್ಲಿ 300, 305ರ ಆಸುಪಾಸಿನ ಅಂಕಿಗಳು ಕಂಡರೆ ಸರಿ ಓದಿದ್ದೀರಿ.

ಹಾಗೆಯೇ, ಇಲ್ಲದ ಮೌಲ್ಯದ ಜಾಗದಲ್ಲಿ ತುಂಬುವ ಸಂಕೇತ ಸಂಖ್ಯೆ ಯಾವುದು ಎಂದು ಲೇಬಲ್‌ನಲ್ಲಿ ನೋಡಿ ಮೊದಲೇ ತೆಗೆದುಹಾಕಿ. ಅದು ಸರಾಸರಿಯೊಳಗೆ ನುಸುಳಿತೆಂದರೆ ಹುಡುಕುವುದೇ ಕಷ್ಟ. (ಇಸ್ರೋದ ಚಂದ್ರಯಾನ-2ರ ದತ್ತಾಂಶವೂ ಇದೇ ಪರಂಪರೆಯ ಹೊಸ ರೂಪವಾದ ಪಿಡಿಎಸ್-4ರಲ್ಲಿದೆ, ಬೆಂಗಳೂರಿನ ಬಳಿ ಬ್ಯಾಲಾಳುವಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರ ಐಎಸ್‌ಎಸ್‌ಡಿಸಿ ಅದನ್ನು ಹಂಚುತ್ತದೆ. ಲೇಬಲ್ ಓದುವ ಅಭ್ಯಾಸ ಅಲ್ಲೂ ಕೈಹಿಡಿಯುತ್ತದೆ.)

ಜ್ಯಾಮಿತಿ: ಇಲ್ಲಿ ಆತುರ ಬೇಡ

ನಾಸಾದ ನೈಫ್ ಘಟಕದಿಂದ ಸ್ಪೈಸ್ ಕರ್ನೆಲ್‌ಗಳನ್ನು ಇಳಿಸಿ. ಸ್ಪೈಸ್ ಎಂದರೆ ನೌಕೆ, ಗ್ರಹಗಳ ಸ್ಥಾನ ಮತ್ತು ದಿಕ್ಕನ್ನು ಲೆಕ್ಕಹಾಕುವ ತಂತ್ರಾಂಶ, ಕರ್ನೆಲ್ ಎಂದರೆ ಅದಕ್ಕೆ ಬೇಕಾದ ಮಾಹಿತಿಯ ಕಡತ. ನೌಕೆ ಎಲ್ಲಿತ್ತು ಎಂಬುದಕ್ಕೆ ಎಸ್‌ಪಿಕೆ, ಯಾವ ಕಡೆ ತಿರುಗಿತ್ತು ಎಂಬುದಕ್ಕೆ ಸಿಕೆ, ಉಪಕರಣ ನೌಕೆಯ ಮೈಮೇಲೆ ಹೇಗೆ ಕೂತಿದೆ ಎಂಬುದಕ್ಕೆ ಎಫ್‌ಕೆ, ಅದರ ಕಿಂಡಿಯ ಅಳತೆಗೆ ಐಕೆ, ಗ್ರಹದ ಆಕಾರ ಮತ್ತು ತಿರುಗುವಿಕೆಗೆ ಪಿಸಿಕೆ, ಗಡಿಯಾರಗಳಿಗೆ ಎಲ್‌ಎಸ್‌ಕೆ ಮತ್ತು ಎಸ್‌ಸಿಎಲ್‌ಕೆ. ಇವನ್ನು ಓದಲು ಪೈಥಾನ್‌ನಲ್ಲಿ ಸ್ಪೈಸಿಪೈ ಎಂಬ ಲೈಬ್ರರಿ ಇದ್ದರೆ ಸಾಕು. ಯೋಜನೆಯ ಹಂತದ ಕರ್ನೆಲ್ ಬೇರೆ, ಘಟನೆ ನಡೆದ ಮೇಲೆ ಮರುಲೆಕ್ಕ ಹಾಕಿದ್ದು ಬೇರೆ. ಎರಡನೆಯದನ್ನೇ ತೆಗೆದುಕೊಳ್ಳಿ.

ಪ್ರತಿ ಅಳತೆಗೂ ಇಷ್ಟನ್ನು ಲೆಕ್ಕಹಾಕಿಟ್ಟುಕೊಳ್ಳಿ: ನೋಟದ ರೇಖೆ ನೆಲಕ್ಕೆ ತಾಗುತ್ತದೆಯೇ, ತಾಗಿದರೆ ಎಲ್ಲಿ, ಅಲ್ಲಿ ಬಿಸಿಲು ಬೀಳುವ ಕೋನ ಎಷ್ಟು, ನಾವು ನೋಡುವ ಕೋನ ಎಷ್ಟು, ಎರಡರ ನಡುವಿನ ಕೋನ ಎಷ್ಟು, ತಾಗದಿದ್ದರೆ ರೇಖೆ ನೆಲಕ್ಕೆ ಅತಿ ಸಮೀಪ ಬರುವ ಬಿಂದುವಿನ ಎತ್ತರ ಎಷ್ಟು, ಆ ರೇಖೆಯ ಎಷ್ಟು ಭಾಗ ಬಿಸಿಲಿನಲ್ಲಿದೆ, ಎಷ್ಟು ನೆರಳಿನಲ್ಲಿದೆ.

ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಬುಧನ ವಾತಾವರಣ ಎನ್ನುವುದು ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗದಷ್ಟು ವಿರಳ. ಅವು ಹೊಳೆಯುವುದು ಬಿಸಿಲನ್ನು ಹೀರಿ ಅದೇ ತರಂಗಾಂತರದಲ್ಲಿ ಮರಳಿ ಚೆಲ್ಲುವುದರಿಂದ. ನೆರಳಿನಲ್ಲಿರುವ ಸೋಡಿಯಂ ಅಲ್ಲೇ ಇರುತ್ತದೆ, ಹೊಳೆಯುವುದಿಲ್ಲ. ಬುಧನ ಪೂರ್ಣ ನೆರಳು ಹಿಂದಕ್ಕೆ ಸುಮಾರು ಎರಡು ಲಕ್ಷ ಕಿ.ಮೀ. ಚಾಚುವ ಶಂಕು. ಹತ್ತಿರದಲ್ಲಿ ಅದನ್ನು ಸಿಲಿಂಡರ್ ಎಂದುಕೊಂಡರೂ ದೊಡ್ಡ ತಪ್ಪಿಲ್ಲ: 10,000 ಕಿ.ಮೀ. ಹಿಂದೆ ಅದರ ತ್ರಿಜ್ಯ 2440 ಕಿ.ಮೀ.ಯಿಂದ 120 ಕಿ.ಮೀ.ಯಷ್ಟೇ ಕುಗ್ಗಿರುತ್ತದೆ. ನೆರಳಿನ ಲೆಕ್ಕ ಬಿಟ್ಟರೆ ಮಾತ್ರ ಗ್ರಹದ ಬೆನ್ನ ಹಿಂದೆ 'ಸೋಡಿಯಂ ಇಲ್ಲದ ಪೊಳ್ಳು' ಇದೆ ಎಂಬ ಹುಸಿ ಶೋಧ ನಿಮ್ಮದಾಗುತ್ತದೆ.

ಇನ್ನು ಬೆಳಕಿನ ಪಯಣದ ತಿದ್ದುಪಡಿ. ಸ್ಪೈಸ್‌ನಲ್ಲಿ ಬೆಳಕಿನ ಪಯಣಕಾಲ ಮತ್ತು ನಾಕ್ಷತ್ರಿಕ ವಿಪಥನ (ನೋಡುವವರ ಚಲನೆಯಿಂದ ಬೆಳಕು ಬಂದ ದಿಕ್ಕು ತುಸು ಓರೆಯಾಗಿ ಕಾಣುವುದು) ಎಂಬ ಎರಡು ತಿದ್ದುಪಡಿಗಳಿವೆ. ಎರಡನ್ನೂ ಒಟ್ಟಿಗೆ ಹಾಕಿ. ಒಂದನ್ನೇ ಹಾಕಿದರೆ ಬುಧನ ಕಕ್ಷಾವೇಗವಾದ ಸೆಕೆಂಡಿಗೆ 47 ಕಿ.ಮೀ. ಲೆಕ್ಕದಲ್ಲಿ 0.009 ಡಿಗ್ರಿಯಷ್ಟು ತಪ್ಪು ಸೇರಿಕೊಳ್ಳುತ್ತದೆ. ಅಲ್ಪ ಎನಿಸಬಹುದು, ವಿರ್ಸ್‌ನ ಇಡೀ ನೋಟದ ಅಗಲವೇ 0.023 ಡಿಗ್ರಿ.

ಆ ಅಗಲ ನೆಲದ ಮೇಲೆ ಎಷ್ಟಾಗುತ್ತದೆ ಎಂದು ಒಮ್ಮೆ ಕೈಯಲ್ಲೇ ಲೆಕ್ಕಹಾಕಿ ನೋಡಿ. 0.023 ಡಿಗ್ರಿ ಎಂದರೆ 0.0004 ರೇಡಿಯನ್. 200 ಕಿ.ಮೀ. ದೂರದಿಂದ 80 ಮೀಟರ್ ಚುಕ್ಕೆ, 2000 ಕಿ.ಮೀ.ಯಿಂದ 800 ಮೀಟರ್. ಆದರೆ ಮೊದಲ ಫ್ಲೈಬೈಯ ವೇಗದಲ್ಲಿ, 200 ಕಿ.ಮೀ. ಎತ್ತರದಲ್ಲಿ, ನೌಕೆಯ ಕೆಳಗೆ ನೆಲ ಸೆಕೆಂಡಿಗೆ ಆರೂವರೆ ಕಿ.ಮೀ. ಮೀರಿ ಓಡುತ್ತಿರುತ್ತದೆ. ಒಂದು ಸೆಕೆಂಡ್ ಬೆಳಕು ಹಿಡಿದರೆ ನಿಮಗೆ ಸಿಗುವುದು ಚುಕ್ಕೆಯಲ್ಲ, 80 ಮೀಟರ್ ಅಗಲ, ಆರೂವರೆ ಕಿ.ಮೀ. ಉದ್ದದ ಪಟ್ಟಿ. ಸಣ್ಣ ಕುಳಿಯೊಂದರ ರೋಹಿತ ತೆಗೆದೆ ಎಂದು ಹೇಳುವ ಮುನ್ನ ಆ ಪಟ್ಟಿಯ ಎರಡೂ ತುದಿಗಳನ್ನು ಕ್ಯಾಮೆರಾ ಚಿತ್ರದ ಮೇಲೆ ಎಳೆದು ನೋಡಬೇಕು. ಮೊದಲ ಫ್ಲೈಬೈಯಲ್ಲಂತೂ ಅತಿ ಸಮೀಪದ ಬಿಂದು ರಾತ್ರಿಭಾಗದ ಮೇಲಿತ್ತು. ಬಿಸಿಲಿರುವ ನೆಲ ಸಿಕ್ಕಿದ್ದು ದೂರ ಸರಿದ ಮೇಲೆಯೇ.

ವಾತಾವರಣದ ಗೆರೆಗಳನ್ನು ಬಿಡಿಸುವುದು

ಹುಡುಕಬೇಕಾದ ಜಾಗ ಮೊದಲೇ ಗೊತ್ತು. ಸೋಡಿಯಂ 589.0 ಮತ್ತು 589.6 ನ್ಯಾನೋಮೀಟರ್, ಕ್ಯಾಲ್ಸಿಯಂ 422.7, ಮೆಗ್ನೀಸಿಯಂ 285.2, ಅಯಾನೀಕೃತ ಕ್ಯಾಲ್ಸಿಯಂ 393.4. ಸೋಡಿಯಂ 1985ರಲ್ಲೇ, ಕ್ಯಾಲ್ಸಿಯಂ 2000ದಲ್ಲಿ ಭೂಮಿಯ ದೂರದರ್ಶಕಗಳಿಗೆ ಸಿಕ್ಕಿದ್ದವು. ಮೆಗ್ನೀಸಿಯಂ ಸಿಕ್ಕಿದ್ದು ಎರಡನೆಯ ಫ್ಲೈಬೈಯಲ್ಲಿ, ಇದೇ ಉಪಕರಣಕ್ಕೆ. ಯುವಿವಿಎಸ್‌ನ ಬಿಡಿಸುವ ಶಕ್ತಿ ಅರ್ಧ ನ್ಯಾನೋಮೀಟರಿನ ಆಸುಪಾಸು. ಹಾಗಾಗಿ ಸೋಡಿಯಂ ಜೋಡಿ ಬೆರೆತೇ ಕಾಣುತ್ತದೆ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಎಂದು ಅಳೆಯಿರಿ, ಬಿಡಿಸುವ ಹಟ ಬೇಡ.

ಕಳೆಯುವ ಕೆಲಸ ಈ ಕ್ರಮದಲ್ಲಿ ಆಗಲಿ:

1. ಡಿಟೆಕ್ಟರ್ ತಾನೇ ಎಣಿಸುವ ಕತ್ತಲ ಎಣಿಕೆ. ಖಾಲಿ ಆಕಾಶ ನೋಡುತ್ತಿದ್ದ, ಸಮಯದಲ್ಲಿ ಹತ್ತಿರದ ಅಳತೆಗಳಿಂದ ತೆಗೆದುಕೊಳ್ಳಿ.
2. ಹೊಳೆಯುವ ನೆಲದಿಂದ ಉಪಕರಣದೊಳಗೆ ಚದುರಿ ಬಂದ ಬೆಳಕು. ಇದು ಬಿಸಿಲಿನದೇ ರೋಹಿತ. ಗೆರೆಯ ಎಡಬಲದಲ್ಲಿ ಸೌರ ರೋಹಿತವನ್ನು ಉಪಕರಣದ ಬಿಡಿಸುವ ಶಕ್ತಿಗೆ ಮಸುಕು ಮಾಡಿ ಹೊಂದಿಸಿ, ಆಮೇಲೆ ಕಳೆಯಿರಿ.
3. ಉಳಿದ ಗೆರೆಯ ಕೆಳಗಿನ ವಿಸ್ತೀರ್ಣ.

ಎರಡನೆಯ ಹೆಜ್ಜೆಯಲ್ಲಿ ನೇರ ಗೆರೆ ಎಳೆದು ಕಳೆಯುವವರೇ ಹೆಚ್ಚು. ಅಲ್ಲೇ ಎಡವುವುದು. ಸೂರ್ಯನ ರೋಹಿತದಲ್ಲಿ 589 ಮತ್ತು 422.7ರಲ್ಲೇ ಆಳವಾದ ಕಪ್ಪು ಗೆರೆಗಳಿವೆ. ನೆಲದ ಬೆಳಕಿನಲ್ಲೂ ಆ ಗುಂಡಿ ಇದ್ದೇ ಇರುತ್ತದೆ, ವಾತಾವರಣದ ಹೊಳಪು ಆ ಗುಂಡಿಯೊಳಗೇ ಕೂತಿರುತ್ತದೆ. ನೇರ ಗೆರೆ ಎಳೆದರೆ ಗುಂಡಿಯಷ್ಟು ಹೊಳಪು ಮಾಯ. ಬಿಸಿಲು ಬಿದ್ದ ನೆಲದ ನೇರ ಮೇಲೆ ನೋಡಿದ ಅಳತೆಗಳಲ್ಲಿ ಸರಿಯಾಗಿ ಕಳೆದರೂ ಗದ್ದಲವೇ ಉಳಿಯುವುದು. ಗ್ರಹದ ಅಂಚಿನಾಚೆ, ರಾತ್ರಿಭಾಗದ ಮೇಲೆ ಮತ್ತು ಗ್ರಹದ ಹಿಂದೆ ಚಾಚಿದ ಸೋಡಿಯಂ ಬಾಲದಲ್ಲಿ ತೆಗೆದವನ್ನೇ ನಂಬಿ.

ಹೊಳಪನ್ನು ರೇಲೀ ಎಂಬ ಏಕಮಾನದಲ್ಲಿ ಕೊಟ್ಟಿರುತ್ತಾರೆ. ಒಂದು ರೇಲೀ ಎಂದರೆ ನೋಟದ ರೇಖೆಯುದ್ದಕ್ಕೂ ಇರುವ ಒಂದು ಚದರ ಸೆಂ.ಮೀ. ಕಂಬದಿಂದ ಸೆಕೆಂಡಿಗೆ ಹತ್ತು ಲಕ್ಷ ಫೋಟಾನು. ಒಂದು ಪರಮಾಣು ಸೆಕೆಂಡಿಗೆ ಎಷ್ಟು ಫೋಟಾನು ಚೆಲ್ಲುತ್ತದೆ ಎಂಬುದಕ್ಕೆ ಜಿ-ಮೌಲ್ಯ ಎನ್ನುತ್ತಾರೆ. ಹೊಳಪನ್ನು ಜಿ-ಮೌಲ್ಯದಿಂದ ಭಾಗಿಸಿದರೆ ಕಂಬದಲ್ಲಿರುವ ಪರಮಾಣುಗಳ ಸಂಖ್ಯೆ. 5000 ರೇಲೀ ಕಂಡಿತು ಎನ್ನಿ, ಅಂದರೆ 500 ಕೋಟಿ ಫೋಟಾನು. ಜಿ 5 ಆದರೆ 100 ಕೋಟಿ ಪರಮಾಣು, ಜಿ 25 ಆದರೆ 20 ಕೋಟಿ.

ಜಿ ಅಷ್ಟೊಂದು ಬದಲಾಗುತ್ತದೆಯೇ ಎಂದರೆ, ಬುಧನಲ್ಲಿ ಹೌದು. ಕಕ್ಷೆ ಉದ್ದುದ್ದವಾಗಿರುವುದರಿಂದ ಗ್ರಹ ಸೂರ್ಯನತ್ತ ಅಥವಾ ಸೂರ್ಯನಿಂದಾಚೆ ಸೆಕೆಂಡಿಗೆ 10 ಕಿ.ಮೀ.ವರೆಗೆ ಚಲಿಸುತ್ತಿರುತ್ತದೆ. ಆ ವೇಗಕ್ಕೆ ಸೋಡಿಯಂ ಗೆರೆ 0.02 ನ್ಯಾನೋಮೀಟರ್ ಸರಿಯುತ್ತದೆ. ವೇಗ ಸೊನ್ನೆಯಾದಾಗ ಪರಮಾಣುವಿಗೆ ಸಿಗುವುದು ಸೌರ ರೋಹಿತದ ಕಪ್ಪು ಗುಂಡಿಯ ತಳದ ಮಂದ ಬೆಳಕು. ವೇಗ ಹೆಚ್ಚಿದಂತೆ ಗುಂಡಿಯ ಗೋಡೆಯೇರಿ ಹೆಚ್ಚು ಬೆಳಕು. ಹೊಳಪಷ್ಟೇ ಅಲ್ಲ, ಬೆಳಕಿನ ತಳ್ಳುವಿಕೆಯೂ ಜೊತೆಗೇ ಏರುತ್ತದೆ; ಹೆಚ್ಚೆಂದರೆ ಅದು ಬುಧನ ಮೇಲ್ಮೈ ಗುರುತ್ವದ ಅರ್ಧದಷ್ಟಾಗಿ ಸೋಡಿಯಂ ಅನ್ನು ಉದ್ದ ಬಾಲವಾಗಿ ಹಿಂದಕ್ಕೆ ತಳ್ಳುತ್ತದೆ. ಮೊದಲೆರಡು ಫ್ಲೈಬೈಗಳಲ್ಲಿ ಎದ್ದು ಕಂಡ ಬಾಲ ಮೂರನೆಯದರಲ್ಲಿ 10ರಿಂದ 20 ಪಟ್ಟು ಕ್ಷೀಣವಾಗಿತ್ತು. ಬುಧನಲ್ಲಿ ಸೋಡಿಯಂ ಬತ್ತಿತ್ತು ಎಂದಲ್ಲ, ಕಕ್ಷೆಯಲ್ಲಿ ಗ್ರಹವಿದ್ದ ಜಾಗ ಹಾಗಿತ್ತು. ಬಾಲದಲ್ಲಿರುವ ಪರಮಾಣು ತಾನೂ ವೇಗ ಪಡೆದಿರುತ್ತದೆ, ಆದ್ದರಿಂದ ಬಾಲದುದ್ದಕ್ಕೂ ಒಂದೇ ಜಿ ಹಾಕುವಂತಿಲ್ಲ. ಗ್ರಹದ ಹತ್ತಿರದ ಮೌಲ್ಯವನ್ನೇ ಬಾಲದ ತುದಿಗೂ ಹಾಕಿ ಬರೆದ ಸಾಂದ್ರತೆಗಳನ್ನು ನಂಬಬೇಡಿ.

ಉಷ್ಣತೆ ಬೇಕೆಂದರೆ ಹೊಳಪಿನ ಲಾಗರಿಥಮ್ ಅನ್ನು ಎತ್ತರಕ್ಕೆ ಎದುರಾಗಿ ಗುರುತಿಸಿ ಇಳಿಜಾರು ನೋಡಿ. 1200 ಕೆಲ್ವಿನ್‌ನ ಸೋಡಿಯಂ ಪ್ರತಿ 117 ಕಿ.ಮೀ. ಎತ್ತರಕ್ಕೆ ಸುಮಾರು ಮೂರನೇ ಒಂದಕ್ಕಿಳಿಯಬೇಕು. ಕ್ಯಾಲ್ಸಿಯಂ ಹಾಗಲ್ಲ. ಅದರ ಇಳಿಜಾರು ಹತ್ತಾರು ಸಾವಿರ ಕೆಲ್ವಿನ್ ಎನ್ನುವಷ್ಟು ಸಪಾಟು, ಮೇಲಾಗಿ ಬೆಳಗಿನ ಕಡೆ ಹೆಚ್ಚು, ಸಂಜೆಯ ಕಡೆ ಕಡಿಮೆ. ಎರಡು ಕಡೆಯ ಅಳತೆ ಸೇರಿಸಿ ಒಂದೇ ಗೆರೆ ಎಳೆದರೆ ಸಿಗುವ ಉಷ್ಣತೆ ಯಾವ ಕಡೆಯದೂ ಅಲ್ಲ. ಕಿಂಡಿಯ ಉದ್ದವನ್ನೂ ನೆನಪಿಡಿ: ವಾತಾವರಣಕ್ಕೆ ಬಳಸುವ ಕಿಂಡಿ ಒಂದು ಡಿಗ್ರಿ ಉದ್ದ, 2000 ಕಿ.ಮೀ. ದೂರದಲ್ಲಿ 35 ಕಿ.ಮೀ. ಅದು ಅಂಚಿಗೆ ಸಮಾಂತರವಾಗಿದ್ದರೆ ಚಿಂತೆಯಿಲ್ಲ. ಅಡ್ಡವಾಗಿದ್ದರೆ ಅಷ್ಟೂ ಎತ್ತರದ ಸರಾಸರಿ ಸಿಗುತ್ತದೆ.

ನೆಲದ ರೋಹಿತ

ವಿರ್ಸ್‌ನ ಸಿಡಿಆರ್ ಬೆಳಕಿನ ತೀವ್ರತೆಯನ್ನು ಕೊಡುತ್ತದೆ, ಪ್ರತಿಫಲನವನ್ನಲ್ಲ. ತೀವ್ರತೆಯನ್ನು ಪೈನಿಂದ ಗುಣಿಸಿ, ಆ ದಿನ ಬುಧನ ಮೇಲೆ ಬೀಳುತ್ತಿದ್ದ ಬಿಸಿಲಿನಿಂದ ಭಾಗಿಸಿ. ಬುಧ-ಸೂರ್ಯ ದೂರ 0.31ರಿಂದ 0.47 ಖಗೋಳಮಾನದವರೆಗೆ (ಭೂಮಿ-ಸೂರ್ಯರ ಸರಾಸರಿ ದೂರ ಒಂದು ಖಗೋಳಮಾನ) ಬದಲಾಗುವುದರಿಂದ ಬಿಸಿಲು ಎರಡು ಪಟ್ಟಿಗಿಂತ ಹೆಚ್ಚು ಏರಿಳಿಯುತ್ತದೆ. ಸರಾಸರಿ ದೂರ ಹಾಕಿ ಮುಗಿಸಬೇಡಿ.

ಮುಂದಿನದು ಕೋನಗಳ ತಿದ್ದುಪಡಿ. ಫ್ಲೈಬೈಯಲ್ಲಿ ಕ್ಷಣಕ್ಷಣಕ್ಕೂ ಕೋನ ಬದಲಾಗುತ್ತದೆ, ಮತ್ತು ಬಿಸಿಲಿಗೂ ನೋಟಕ್ಕೂ ನಡುವಿನ ಕೋನ ಹೆಚ್ಚಾದಂತೆ ನೆಲದ ರೋಹಿತ ಕೆಂಪಿನತ್ತ ವಾಲುವುದು ಸಾಮಾನ್ಯ. ಯಾವ ಕೋನದಲ್ಲಿ ನೆಲ ಎಷ್ಟು ಬೆಳಕು ಚದುರಿಸುತ್ತದೆ ಎಂದು ಲೆಕ್ಕಹಾಕುವ ಹ್ಯಾಪ್ಕೆ ಮಾದರಿ ಹಾಕುವುದಾದರೆ ಹಾಕಿ. ಆದರೆ ಆರಂಭಕ್ಕೆ ಸುರಕ್ಷಿತ ದಾರಿ ಬೇರೆ: ಹೆಚ್ಚುಕಡಿಮೆ ಒಂದೇ ಕೋನದಲ್ಲಿ ನೋಡಿದ ಎರಡು ಜಾಗಗಳ ಅನುಪಾತ ತೆಗೆಯಿರಿ. ಉಪಕರಣದ ಬಹುಪಾಲು ದೋಷಗಳು ಭಾಗಾಕಾರದಲ್ಲೇ ಬಿದ್ದುಹೋಗುತ್ತವೆ. ಬಿಸಿಲು 75 ಡಿಗ್ರಿಗಿಂತ ಓರೆಯಾಗಿ ಬಿದ್ದ ಅಳತೆಗಳನ್ನು ಮೊದಲ ಸುತ್ತಿನಲ್ಲಿ ಪಕ್ಕಕ್ಕಿಡುವುದು ವಾಸಿ.

ನೆಲದ ಬಿಸಿಯೂ ಅಡ್ಡ ಬರುತ್ತದೆ. ನೆಲ 700 ಕೆಲ್ವಿನ್ ಇದ್ದಾಗ 1450 ನ್ಯಾನೋಮೀಟರಿನಲ್ಲಿ ಅದು ತಾನೇ ಹೊರಸೂಸುವ ಬೆಳಕು, ಪ್ರತಿಫಲನ 0.1 ಎಂದುಕೊಂಡರೆ, ಪ್ರತಿಫಲಿತ ಬಿಸಿಲಿನ ಶೇ 10ನ್ನು ಮೀರುತ್ತದೆ. 600 ಕೆಲ್ವಿನ್‌ಗೆ ಇಳಿದರೆ ಶೇ 2ಕ್ಕೂ ಕಡಿಮೆ. ಮಧ್ಯಾಹ್ನದ ನೆಲದ ರೋಹಿತ ಬಲತುದಿಯಲ್ಲಿ ಸೊಂಡಿಲೆತ್ತಿದಂತೆ ಕಂಡರೆ ಖನಿಜ ಹುಡುಕುವ ಮುನ್ನ ಪ್ಲಾಂಕ್ ಸೂತ್ರದಿಂದ ಆ ಪಾಲನ್ನು ಕಳೆಯಿರಿ.

ಇನ್ನು ಎಲ್ಲರನ್ನೂ ಬೀಳಿಸುವ ಬಲೆ. ವಿರ್ಸ್‌ನ ಮೊದಲ ಡಿಟೆಕ್ಟರ್ 1050ರಲ್ಲಿ ಮುಗಿಯುತ್ತದೆ, ಎರಡನೆಯದು 850ರಲ್ಲಿ ಶುರುವಾಗುತ್ತದೆ. ಎರಡೂ ಕೂಡುವ ಜಾಗದಲ್ಲಿ ಬೇರೆ ಬೇರೆ ಉಷ್ಣತೆಯ ವರ್ತನೆಯಿಂದ ಒಂದು ಮೆಟ್ಟಿಲು ಮೂಡುತ್ತದೆ. ಸಿಲಿಕೇಟ್ ಖನಿಜಗಳಲ್ಲಿರುವ ಕಬ್ಬಿಣದ ಗುರುತಾದ ತಗ್ಗು ಬರುವುದೂ 1000ದ ಆಸುಪಾಸಿನಲ್ಲೇ! ಆ ತಗ್ಗನ್ನು ಹುಡುಕುವವರಿಗೆ ಆ ಮೆಟ್ಟಿಲು ತಗ್ಗಾಗಿಯೇ ಕಾಣುತ್ತದೆ. ಎರಡು ಡಿಟೆಕ್ಟರುಗಳನ್ನು ಹೊಲಿಯಬೇಡಿ. ಒಂದೊಂದರ ಗ್ರಾಫನ್ನೂ ಬೇರೆಯಾಗಿ ಹಾಕಿ, 850ರಿಂದ 1050ರ ನಡುವೆ ಎರಡರಲ್ಲೂ ಒಂದೇ ಆಕಾರ ಇದೆಯೇ ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಅದು ಉಪಕರಣದ್ದು. ಮೊದಲ ಫ್ಲೈಬೈಯ ವಿಶ್ಲೇಷಣೆಯಲ್ಲಿ ಸ್ಪಷ್ಟವಾದ ಕಬ್ಬಿಣದ ತಗ್ಗು ಸಿಗಲಿಲ್ಲ, ಸಿಲಿಕೇಟ್‌ಗಳಲ್ಲಿ ಕಬ್ಬಿಣದ ಆಕ್ಸೈಡ್ ಶೇ 2-3ಕ್ಕಿಂತ ಕಡಿಮೆ ಎಂಬ ತೀರ್ಮಾನ ಬಂತು. ಬದಲಿಗೆ 400 ನ್ಯಾನೋಮೀಟರಿಗಿಂತ ಕೆಳಗೆ, ನೇರಳಾತೀತದತ್ತ, ಹೀರಿಕೆ ಕಂಡಿತು. ನಿಮ್ಮ ಲೆಕ್ಕದಲ್ಲಿ ಆಳವಾದ ಕಬ್ಬಿಣದ ತಗ್ಗು ಬಂದರೆ ಮೊದಲು ಮೆಟ್ಟಿಲನ್ನು ಅನುಮಾನಿಸಿ.

ದತ್ತಾಂಶ ಮಧ್ಯದಲ್ಲೇ ನಿಂತಿದ್ದರೆ

ಮೂರನೆಯ ಫ್ಲೈಬೈಯ ಕಡತಗಳು ಅರ್ಧಕ್ಕೇ ಮುಗಿಯುತ್ತವೆ. ಇಳಿಸುವಾಗ ತುಂಡಾಯಿತೆಂದು ಮತ್ತೆ ಮತ್ತೆ ಇಳಿಸಬೇಡಿ. ಅತಿ ಸಮೀಪ ತಲುಪಲು ಕೆಲವೇ ನಿಮಿಷ ಇರುವಾಗ, ಗ್ರಹದ ನೆರಳಿನಲ್ಲಿದ್ದ ನೌಕೆ ಸೇಫ್ ಮೋಡ್‌ಗೆ, ಅಂದರೆ ತೊಂದರೆ ಕಂಡಾಗ ಅಳತೆಗಳನ್ನು ನಿಲ್ಲಿಸಿ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿಗೆ, ಹೋಯಿತು, ಆಚೆ ಕಡೆಯ ಅಳತೆಗಳೆಲ್ಲ ಕೈತಪ್ಪಿದವು. ಬಾಲದ ಅಳತೆಗಳು ಅದಕ್ಕೂ ಮುಂಚೆಯೇ ಮುಗಿದಿದ್ದರಿಂದ ಅಯಾನೀಕೃತ ಕ್ಯಾಲ್ಸಿಯಂ ಆ ಸಲ ಸಿಕ್ಕಿತು. ಈಗಿನ ಬೆಪಿಕೊಲಂಬೊ ನೌಕೆಯದೂ ಇಂಥದೇ ಇಕ್ಕಟ್ಟು. 2024ರ ಡಿಸೆಂಬರ್ 1ರಂದು ಸುಮಾರು 37,600 ಕಿ.ಮೀ. ದೂರದಿಂದ ಅದರ ಮೆರ್ಟಿಸ್ ಸ್ಪೆಕ್ಟ್ರೋಮೀಟರ್ ಬುಧನನ್ನು 7ರಿಂದ 14 ಮೈಕ್ರೋಮೀಟರಿನಲ್ಲಿ ನೋಡಿತು. ಮುಖ್ಯ ಕಿಂಡಿಗೆ ನೌಕೆಯ ಇನ್ನೊಂದು ಭಾಗ ಅಡ್ಡವಿತ್ತು, ಖಾಲಿ ಆಕಾಶ ನೋಡಿ ಕ್ಯಾಲಿಬ್ರೇಟ್ ಮಾಡಿಕೊಳ್ಳಲು ಇಟ್ಟಿದ್ದ ಕಿಂಡಿಯಲ್ಲೇ ಗ್ರಹವನ್ನು ನೋಡಬೇಕಾಯಿತು.

ನಿಮ್ಮ ಫಲಿತಾಂಶದ ಕಡತದ ತಲೆಯಲ್ಲಿ ಬಳಸಿದ ಪ್ರತಿ ಕರ್ನೆಲ್‌ನ ಪೂರ್ತಿ ಹೆಸರು, ಸೌರ ರೋಹಿತದ ಮೂಲ, ಹಾಕಿದ ಜಿ-ಮೌಲ್ಯ ಮತ್ತು ಬುಧ-ಸೂರ್ಯ ದೂರ ಬರೆದಿಡಿ. ಆರು ತಿಂಗಳ ನಂತರ ಸೋಡಿಯಂ ಎರಡು ಪಟ್ಟು ಹೆಚ್ಚು ಬಂದರೆ ಮೊದಲು ನೋಡಬೇಕಾದ ಸಾಲುಗಳು ಇವೇ ನಾಲ್ಕು.